ಹೆಗಲ ಮೇಲಿನ ಟವೆಲ್

ಯಂಕಪ್ಪ ಸತ್ತದ್ದು ಒಂದೇ ಸಲ. ಟಿವಿಯಲ್ಲಿ ಮಾತ್ರ ದಿನಾ ಸಾಯುತ್ತಿದ್ದ. ಒಂದು ಚಾನೆಲ್ಲಿನಲ್ಲಿ ಚಾಕು ಹಿರಿದು ಪೊಲೀಸರ ಮೇಲೆ ಬಿದ್ದು ಸಾಯುತ್ತಿದ್ದ, ಇನ್ನೊಂದರಲ್ಲಿ ಎರಡೂ ಕೈ ಎತ್ತಿ ನಿಂತು ಸಾಯುತ್ತಿದ್ದ. ಮರಾಠಿ ನಾಡಿನ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಅರ್ಧ ಆಯುಷ್ಯ ಸರಳು ಹೊತ್ತ ಹಮಾಲ ಅವನು. ಬದುಕಿದ್ದಾಗ ಒಬ್ಬರಾದರೂ ಅವನ ಹೆಸರು ಕೇಳಿದ್ದರೆ ಹೇಳಿ. ಈಗ ಟೈ ಕಟ್ಟಿದವರೆಲ್ಲ ಅವನ ಬಲಗೈ ಎಲ್ಲಿತ್ತು, ಎಡಗೈ ಎಲ್ಲಿತ್ತು ಎಂದು ಗಂಟಲು ಹರಿದುಕೊಳ್ಳುತ್ತಿದ್ದರು.

ಅವನ ಹೆಂಡತಿ ಬಾಲಮ್ಮ ಟಿವಿ ಆರಿಸಿದಳು. ಕೈ ಎಲ್ಲಿತ್ತೆಂದು ಅವಳಿಗೆ ಗೊತ್ತಿತ್ತು. ಆ ಸಂಜೆ ಕೆಲಸ ಮುಗಿಸಿ ಗಂಡನ ಹಿಂದೆಯೇ ಬರುತ್ತಿದ್ದಳು. ಸರಳು ಕದಿಯುವ ಗ್ಯಾಂಗಿನ ಬೆನ್ನು ಹತ್ತಿದ್ದ ಪೊಲೀಸರು ಗೋದಾಮುಗಳ ಸಂದಿಯಲ್ಲಿ ಎದುರಾಗಿ, ನಿಲ್ಲು ಎಂದು ಕೂಗಿದರು. ಯಂಕಪ್ಪ ನಿಂತ. ಬಲಗೈ ಎಡ ಹೆಗಲಿಗೆ ಹೋಯಿತು, ಅಷ್ಟರಲ್ಲಿ ಗುಂಡು ಹಾರಿತು. ಕಳ್ಳ ಹೆಗಲ ಬಟ್ಟೆಯೊಳಗಿಂದ ಚಾಕು ತೆಗೆದ ಎಂದರು ಪೊಲೀಸರು. ಆ ಚಾಕು ಮಾತ್ರ ಇನ್ನೂ ಯಾರಿಗೂ ಸಿಕ್ಕಿರಲಿಲ್ಲ.

ನಾಳೆ ಪ್ರಾಂತ ಸಾಹೇಬರ, ಅಂದರೆ ಉಪವಿಭಾಗದ ಮ್ಯಾಜಿಸ್ಟ್ರೇಟರ, ಮುಂದೆ ವಿಚಾರಣೆ. ಹಮಾಲರ ಸಂಘಟನೆಯ ದಿಲೀಪ ಹೇಳಿಕೊಡಲು ಮನೆಗೇ ಬಂದಿದ್ದ. ಅವನೂ ಯಂಕಪ್ಪನಂತೆ ರಾಯಚೂರು ಕಡೆಯವನೇ.

"ಅಕ್ಕಾ, ಎರಡೂ ಕೈ ಮ್ಯಾಲೆತ್ತಿದ್ದ ಅಂತ ಹೇಳು. ಹೆಗಲಿನ ಸುದ್ದಿನs ತಗೀಬ್ಯಾಡ. ಕೈ ಹೆಗಲಿಗೆ ಹೋತು ಅಂತ ಹೋಟೆಲ್ ರಾಯರು ಆಗಲೇ ಹೇಳ್ಯಾರ. ನೀನೂ ಹೇಳಿದಿ ಅಂದ್ರ ಪೊಲೀಸರ ಬಾಯಿಗೆ ಬೆಲ್ಲ ಹಾಕಿದಂಗ."

"ಅಂವ ಹೆಗಲಿಗೆ ಯಾಕ ಕೈ ಹಾಕಿದ ಅಂತ ನಿನಗ ಗೊತ್ತಿಲ್ಲೇನು, ದಿಲೀಪ?"

ದಿಲೀಪ ತಲೆ ತಗ್ಗಿಸಿದ. ಗೊತ್ತಿಲ್ಲದೆ ಏನು? ಅವರ ಊರಲ್ಲಿ ಗೌಡರ ಕಟ್ಟೆಯ ಮುಂದೆ ಹಾಯುವಾಗ ಕೇರಿಯ ಗಂಡಸರು ಹೆಗಲ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಬೇಕಿತ್ತು. ಯಂಕಪ್ಪ ಆ ಊರಿಗೆ ಬೆನ್ನು ತಿರುಗಿಸಿ ಬಂದ, ಮಗನಿಗೆ ಜೈಭೀಮ ಎಂದು ಹೆಸರಿಟ್ಟ, ಯಾರಿಗೂ ಬಗ್ಗಬ್ಯಾಡ ಎಂದು ಕಲಿಸಿದ. ನಾಲಿಗೆ ಎಲ್ಲವನ್ನೂ ಕಲಿತಿತ್ತು. ಕೈ ಮಾತ್ರ ಕಲಿತಿರಲಿಲ್ಲ. ಖಾಕಿ ಕಂಡರೆ ಸಾಕು, ತಾನೇ ತಾನಾಗಿ ಹೆಗಲಿಗೆ ಹೋಗುತ್ತಿತ್ತು. ಬಾಲಮ್ಮ ಎಷ್ಟು ಸಲ ಬೈದಿದ್ದಳೋ. ಈಗಲೂ ಸತ್ತವನ ಮೇಲೆ ಅವಳಿಗೆ ಅದೇ ಸಿಟ್ಟು.

ಪಕ್ಕದ ಕಾಮೋಠೆಯಲ್ಲಿ ಕೊರಿಯರ್ ಕೆಲಸ ಮಾಡುವ ಜೈಭೀಮ ಇಲ್ಲಿಯೇ ಹುಟ್ಟಿದವನು. ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದು ಹಿಂದಿ, ಮರಾಠಿ. "ಅವ್ವಾ, ಯೇ ಮತ್ ಬೋಲ್. ಟಿವಿ ಪೇ ಆಯೇಗಾ. ಲೋಗ್ ಹಸೇಂಗೆ," ಎಂದ. ಟವೆಲ್ಲಿನ ಮಾತು ಟಿವಿಯಲ್ಲಿ ಬಂದು, ನಗುವವರ ಮುಂದೆ ಅಪ್ಪ ಬಗ್ಗಿದವನಾಗುವುದು ಅವನಿಗೆ ಬೇಡವಾಗಿತ್ತು.

"ಕೈ ಮ್ಯಾಲೆತ್ತಿ ನಿಂತರ ಅದೇನು ಎದಿ ಸೆಟಿಸಿ ನಿಂತಂಗೇನು?" ಎಂದಳು ಬಾಲಮ್ಮ. ಮಗ ಎದ್ದು ಹೊರಗೆ ಹೋದ.

ಅವಳೂ ಎದ್ದಳು. ಮಾರ್ಕೆಟ್ಟಿನ ಮೂಲೆಯಲ್ಲಿ ಉಡುಪಿಯ ಸಂಕರ್ಷಣ ರಾಯರ ಹೋಟೆಲು. ಬಾಗಿಲಲ್ಲಿ ಅವಳನ್ನು ಕಂಡು ರಾಯರ ಮುಖ ಇಂಗು ತಿಂದ ಮಂಗನಂತಾಯಿತು.

"ಕಂಡದ್ದನ್ನೇ ಹೇಳಿದ್ದು ಮಾರಾಯ್ತಿ. ಕೈ ಹೆಗಲಿಗೆ ಹೋಯ್ತು, ಏನೋ ಹೊಳೀತು. ಚಾಕು ಅಂತ ಪೊಲೀಸರು ಅಂದ್ರು, ಇರ್ಬಹುದು ಅಂದೆ."

ಬಾಲಮ್ಮ ಸೆರಗಿನಿಂದ ಬಲಗೈ ಹೊರಗೆ ತೆಗೆದು ಎಡ ಹೆಗಲಿಗೆ ಒಯ್ದಳು. ಆಸ್ಪತ್ರೆಯವರು ಹೆಣದ ಜೊತೆ ಕೊಟ್ಟ, ಯಂಕಪ್ಪನ ಬಲಗೈಯಲ್ಲಿದ್ದ ಬೆಳ್ಳಿ ಕಡಗ ಅವಳ ಮಣಿಕಟ್ಟಿನಲ್ಲಿ ಹೊಳೆಯಿತು. ರಾಯರು ಕಡಗದ ಮೇಲಿನ ಕಣ್ಣು ತೆಗೆಯದೆ ಗಲ್ಲಾದ ಹಿಂದೆ ಕೂತರು.

"ನಾನು ಈಗ ಮಾತು ಬದಲಿಸಿದ್ರೆ ಹೋಟೆಲು ನಡೆಸ್ಲಿಕ್ಕೆ ಬಿಡೂದಿಲ್ಲ ಅವ್ರು," ಎಂದರು ಸಣ್ಣ ದನಿಯಲ್ಲಿ.

"ಬದಲಿಸ್ರಿ ಅನ್ನಾಕ ಬಂದಿಲ್ರಿ. ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ ಅಂತ ಹೇಳಾಕ ಬಂದೀನಿ."

ಮರುದಿನ ಕಚೇರಿಯಲ್ಲಿ ಬಾಲಮ್ಮ ಕನ್ನಡದಲ್ಲಿಯೇ ಹೇಳುತ್ತೇನೆ ಎಂದು ಹಟ ಹಿಡಿದಳು. ಮರಾಠಿಗೆ ತಿರುಗಿಸಲು ಸಾಹೇಬರು ಜೈಭೀಮನನ್ನೇ ನಿಲ್ಲಿಸಿದರು. ಪೊಲೀಸರ ವಕೀಲ ಮೊದಲನೆಯ ಪ್ರಶ್ನೆಯನ್ನೇ ಎಸೆದ. ಕೈ ಹೆಗಲಿಗೆ ಹೋಗಿತ್ತೋ ಇಲ್ಲವೋ?

"ಹೋಗಿತ್ರಿ."

ಜೈಭೀಮ ಅದನ್ನು ಮರಾಠಿಯಲ್ಲಿ ಹೇಳಿದ. ವಕೀಲ ನಕ್ಕ. ಹಿಂದೆ ಕುಳಿತಿದ್ದ ದಿಲೀಪ ಹಣೆ ಒತ್ತಿಕೊಂಡ.

"ಟಾವೆಲ್ ತಗಿಯಾಕ ಹೋಗಿತ್ತು. ನಮ್ಮೂರಾಗ ದೊಡ್ಡವರ ಮುಂದ ನಾವು ಹೆಗಲ ಮ್ಯಾಲ ಟಾವೆಲ್ ಇಟ್ಕೊಬಾರದಿತ್ರಿ. ಅಂವ ನಿಮ್ಮ ಪೊಲೀಸರಿಗೆ ಮರ್ಯಾದಿ ಕೊಟ್ಟ. ಅದಕ್ಕ ನೀವು ಗುಂಡು ಕೊಟ್ರಿ."

ಜೈಭೀಮ ಇದನ್ನು ಮರಾಠಿಗೆ ತಿರುಗಿಸಲಿಲ್ಲ. ಸಾಹೇಬರು ಅವನ ಕಡೆ ನೋಡಿದರು. ಅವನ ಕಿವಿ ಕೆಂಪಾಗಿತ್ತು.

"ಹೇಳೋ. ನಾಚಿಗಿ ನಮ್ಮದಲ್ಲ, ಟಾವೆಲ್ ತಗಿಸಿದವರದು," ಎಂದಳು ಬಾಲಮ್ಮ.

ಅವನು ಹೇಳಿದ. ಒಂದು ಮಾತನ್ನೂ ನುಂಗಲಿಲ್ಲ. ವಕೀಲನ ನಗು ಅರ್ಧಕ್ಕೇ ನಿಂತಿತು. ಮಾಡಿ ತೋರಿಸು ಎಂದರು ಸಾಹೇಬರು.

ರಕ್ತ ಹತ್ತಿದ ಟವೆಲ್ ಪೊಲೀಸರ ಬಳಿಯೇ ಇತ್ತು. ಬಾಲಮ್ಮ ಚೀಲದಿಂದ ಯಂಕಪ್ಪನ ಇನ್ನೊಂದು ಟವೆಲ್ ತೆಗೆದು ಎಡ ಹೆಗಲ ಮೇಲೆ ಹಾಕಿಕೊಂಡಳು. ಬಲಗೈ ಎತ್ತಿ ಅದರ ಅಂಚು ಹಿಡಿದಳು. ಟ್ಯೂಬ್‌ಲೈಟಿನ ಬೆಳಕಿಗೆ ಕಡಗ ಹೊಳೆಯಿತು. ರಾಯರ ಹೇಳಿಕೆ ಸಾಹೇಬರ ಮೇಜಿನ ಮೇಲೆಯೇ ಇತ್ತು. ಅವರು ಒಮ್ಮೆ ಅದನ್ನು ನೋಡಿದರು, ಒಮ್ಮೆ ಕಡಗವನ್ನು.

"ಇಷ್ಟs ರಿ. ಇಷ್ಟರಾಗ ಗುಂಡು ಬಿತ್ತು," ಎಂದು ಬಾಲಮ್ಮ ಕೈ ಇಳಿಸಿದಳು. ಟವೆಲ್ ಹೆಗಲ ಮೇಲೆಯೇ ಉಳಿಯಿತು.

ಸಾಹೇಬರು ಬರೆದುಕೊಂಡರು. ಬಹಳ ಹೊತ್ತು ಬರೆದರು. ಬಾಗಿಲ ಬಳಿ ನಿಂತ ಹವಾಲ್ದಾರನಿಗೆ ಅಷ್ಟು ಹೊತ್ತು ಸುಮ್ಮನಿರಲಾಗಲಿಲ್ಲ. ತೋರಿಸಿದ್ದು ಆಯಿತಲ್ಲ, ಸಾಹೇಬರ ಮುಂದೆ ಹೆಗಲ ಮೇಲೆ ಅದೇನು, ತೆಗೆ ಎಂದು ಗದರಿದ. ಅವನಿಗೂ ಅದು ಅಭ್ಯಾಸವೇ ಇರಬೇಕು.

ಬಾಲಮ್ಮ ತಿರುಗಿ ಅವನನ್ನು ನೋಡಿದಳು. ಅವಳ ಕೈ ಇದ್ದಲ್ಲಿಂದ ಅಲುಗಲಿಲ್ಲ.

"ಅವನ ಕೈಯಿಂದ ತಗಿಯೂದು ಆಗಲಿಲ್ಲ," ಎಂದಳು. "ನಾ ತಗಿಯಂಗಿಲ್ಲ."

ಸಾಹೇಬರು ಮತ್ತೆ ಜೈಭೀಮನ ಕಡೆ ನೋಡಿದರು. ಅವನು ಅದನ್ನು ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದ. ಆಮೇಲೆ ತಾಯಿಯ ಪಕ್ಕಕ್ಕೆ ಬಂದು ನಿಂತು ಹವಾಲ್ದಾರನಿಗೆ ಇನ್ನೊಮ್ಮೆ ಹೇಳಿದ. ಈ ಸಲ ಹಿಂದಿಯೂ ಬರಲಿಲ್ಲ, ಮರಾಠಿಯೂ ಬರಲಿಲ್ಲ.

"ತಗಿಯಂಗಿಲ್ಲ."