ಎಲ್ಲ ಸರಿ ಇದೆ ಎನ್ನುವ ಬೆಟ್ಟಯ್ಯ

ಬೆಟ್ಟಯ್ಯ ಏನನ್ನು ಕೈಗೆತ್ತಿಕೊಂಡರೂ ಮೊದಲು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಅದರ ದಪ್ಪವನ್ನು ಅಂದಾಜು ಮಾಡುತ್ತಾನೆ. ನಮ್ಮ ಮನೆಯ ಬಿಸ್ಕತ್ತು, ಲೋಟದ ಅಂಚು, ಮದುವೆಯ ಕರೆಯೋಲೆ, ಯಾವುದಕ್ಕೂ ವಿನಾಯಿತಿಯಿಲ್ಲ. “ಆರೂಕಾಲು ಮಿಲಿಮೀಟರು ಮೇಡಂ, ಹೋದ್ಸಲದ್ದಕ್ಕಿಂತ ತೆಳ್ಳಗದೆ” ಎಂದು ವರದಿ ಒಪ್ಪಿಸಿದ ಮೇಲೆಯೇ ತಿನ್ನುವುದು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ಅವನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತಾನೆ.

ಹದಿನಾಲ್ಕು ವರ್ಷಗಳ ಹಿಂದೆ ನಾನು ಅವನಿಗೆ ಭೌತಶಾಸ್ತ್ರ ಕಲಿಸುತ್ತಿದ್ದಾಗ ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿತ್ತು. ಆ ಹೆಸರು ಇಲ್ಲಿ ಅನಗತ್ಯ. ಗಂಡಾಗಿ ಬದುಕಲು ನಿರ್ಧರಿಸಿ ಹಾರ್ಮೋನು ಚುಚ್ಚುಮದ್ದು ಆರಂಭಿಸಿದಾಗ ಅವನು ಆರಿಸಿಕೊಂಡದ್ದು ತೀರಿಹೋದ ತಾತನ ಹೆಸರನ್ನು. ಈ ವಯಸ್ಸಿಗೆ ಮುದುಕನ ಹೆಸರೇಕೆ ಎಂದು ಕೇಳಿದ್ದೆ.

“ತಾತನ್ ಹೆಸರಿಟ್ಕಂಡ್ರೆ ಯಾರೂ ಯಾಕೆ ಅನ್ನಲ್ಲ ಮೇಡಂ. ನೀವೊಬ್ರೇ ಕೇಳಿದ್ದು.”

ಮನೋವೈದ್ಯರ ಮುಂದೆ, ಜಿಲ್ಲಾ ಕಚೇರಿಯ ಗುಮಾಸ್ತರ ಮುಂದೆ, ಕಾರ್ಖಾನೆಯ ಅಧಿಕಾರಿಗಳ ಮುಂದೆ ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳಿ ಸವೆದವನಿಗೆ ಕೊನೆಗೆ ಮೂರೇ ಪದಗಳು ಉಳಿದಿದ್ದವು: ಎಲ್ಲ ಸರಿ ಅದೆ. ಬೂದುಬಣ್ಣದ ಕಾರ್ಖಾನೆಯ ಕೋಟನ್ನು ಭಾನುವಾರವೂ ಕತ್ತಿನವರೆಗೆ ಗುಂಡಿ ಹಾಕಿ ತೊಟ್ಟಿರುತ್ತಿದ್ದ; ಸೆಕೆಯಲ್ಲವೇ ಎಂದರೆ ಅದೇ ಮೂರು ಪದ.

ಕಳೆದ ಏಪ್ರಿಲ್‌ನ ಒಂದು ಬೆಳಿಗ್ಗೆ ಯಾದವಗಿರಿಯ ನಮ್ಮ ಮನೆಗೆ ಬಂದವನು ಮೆಟ್ಟಿಲ ಮೇಲೆಯೇ ತಲೆ ಹಿಡಿದು ಕುಳಿತ. ಎರಡು ತಿಂಗಳಿಂದ ತಲೆನೋವು, ಕಣ್ಣು ಮಂಜು ಎಂಬುದು ನಾನು ಕೆದಕಿ ಕೆದಕಿ ಕೇಳಿದ ಮೇಲಷ್ಟೇ ಹೊರಬಿತ್ತು. ಅಂದೇ ಡಾಕ್ಟರನ್ನು ಕಾಣಬೇಕಿತ್ತು, ಮುಂದೂಡುತ್ತೇನೆ ಎಂದ. ಆಟೋ ಕರೆಸಿ ನಾನೇ ಜೊತೆಗೆ ಹೊರಟೆ.

ಆಸ್ಪತ್ರೆಯ ಬೆಂಚಿನಲ್ಲಿ ರಕ್ತಪರೀಕ್ಷೆಯ ಸರದಿಗೆ ಕಾಯುತ್ತ ಎರಡು ಬಾಟಲಿ ನೀರು ಖಾಲಿ ಮಾಡಿದ. ಮೂರನೆಯದರ ಮುಚ್ಚಳ ತಿರುಗಿಸಿದಾಗ ನಾನು ಕೈ ಹಿಡಿದೆ.

“ಏನಯ್ಯ ಇದು?”

“ರಕ್ತ ತೆಳ್ಳಗಾಯ್ತದೆ ಮೇಡಂ. ರಿಪೋರ್ಟ್‌ನಲ್ಲಿ ನಂಬರ್ ಇಳೀತದೆ. ಹೋದ್ಸಲಾನೂ ಹಿಂಗೇ ಮಾಡಿದ್ದೆ.”

ಅವನ ಚುಚ್ಚುಮದ್ದು ಕೆಲವರಲ್ಲಿ ರಕ್ತವನ್ನು ಗಟ್ಟಿಯಾಗಿಸುತ್ತದೆ. ಅದು ಅವನಿಗೆ ತಿಳಿದಿತ್ತು. ಕಬ್ಬಿಣದ ತುಂಡಿಗೆ ಕ್ಷಮೆ ಕೊಡದವನು ತನ್ನ ಅಳತೆಯನ್ನು ತಾನೇ ತಿದ್ದುತ್ತಿದ್ದ.

ಡಾ. ಸಂಘಮಿತ್ರ ಅಷ್ಟರಲ್ಲಿ ಮೂವತ್ತು ರೋಗಿಗಳನ್ನು ನೋಡಿ ಬಳಲಿದ್ದರು. ವರದಿಯ ಮೇಲೆ ಕಣ್ಣಿಟ್ಟೇ ಕೇಳಿದರು: “ತಲೆನೋವು? ಕಣ್ಣು ಮಂಜಾಗೋದು?”

“ಇಲ್ಲ ಡಾಕ್ಟ್ರೇ. ಎಲ್ಲ ಸರಿ ಅದೆ.”

“ಸುಳ್ಳು ಹೇಳ್ತಿದಾನೆ” ಎಂದೆ ನಾನು. “ಎರಡೂ ಇದೆ. ರಕ್ತ ಕೊಡೋ ಮುಂಚೆ ಎರಡು ಬಾಟಲಿ ನೀರು ಕುಡಿದಿದಾನೆ.”

ಅವನು ನನ್ನತ್ತ ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು.

“ನೀರು ಕುಡಿದೂ ಇಷ್ಟು ಗಟ್ಟಿನಾ! ಯಾಕ್ರೀ ಮುಚ್ಚಿಟ್ರಿ, ಬೆಟ್ಟಯ್ಯ?”

“ನಿಲ್ಸಿಬುಡ್ತೀರ ಅಂತ. ಮೊದಲ್ನೇ ಡಾಕ್ಟ್ರು ಹಂಗೇ ಮಾಡಿದ್ರು. ತಲೆನೋವು ಅಂದಿದ್ದಕ್ಕೆ, ನಿಮಗೆ ಒಗ್ಗಲ್ಲ ಬಿಟ್ಬುಡಿ ಅಂದ್ರು. ನಾಕು ತಿಂಗ್ಳು ಸೂಜಿ ಇಲ್ಲ. ಮುಟ್ಟು ವಾಪಸ್ ಬಂತು. ಫ್ಯಾಕ್ಟ್ರೀಲಿ ನಾನು ಯಾವ್ ಟಾಯ್ಲೆಟ್ಟಿಗೆ ಹೋಗ್ಲಿ ಡಾಕ್ಟ್ರೇ?”

ಡಾಕ್ಟರು ವರದಿಯನ್ನು ಪಕ್ಕಕ್ಕೆ ಸರಿಸಿದರು.

“ನಿಲ್ಸಲ್ಲ” ಎಂದರು ಡಾಕ್ಟರು. “ಮೂರು ವಾರಕ್ಕೆ ಒಂದೇ ಸಲ ತಗೋತಿದೀರಲ್ಲ, ಅದನ್ನ ಒಡೆದು ವಾರವಾರ ಸ್ವಲ್ಪ ಸ್ವಲ್ಪ ಕೊಡೋಣ. ಒಟ್ಟು ಪ್ರಮಾಣಾನೂ ಇಳಿಸ್ತೀನಿ. ಕಣ್ಣಿನ ಡಾಕ್ಟ್ರಿಗೆ ಚೀಟಿ ಕೊಡ್ತೀನಿ, ಇವತ್ತೇ ತೋರಿಸಿ. ಆರು ವಾರ ಬಿಟ್ಟು ಮತ್ತೆ ರಕ್ತ. ನೀರು ಎಂದಿನ ಹಾಗೆ ಕುಡಿದು ಬನ್ನಿ.”

“ಗಡ್ಡ ಉದುರಲ್ವ?”

“ಇರೋ ನಾಲ್ಕು ಕೂದಲು ಎಲ್ಲಿಗೂ ಹೋಗಲ್ಲ ಕಣ್ರೀ.”

ಅವನು ನಗಲಿಲ್ಲ, ನಗುವಷ್ಟು ತ್ರಾಣವಿರಲಿಲ್ಲ. ಔಷಧಿ ಚೀಟಿಯನ್ನು ತೆಗೆದುಕೊಂಡು, ಮೊದಲ ಬಾರಿಗೆ ದಪ್ಪ ನೋಡದೆ, ಮಡಿಸಿ ಜೇಬಿಗಿಟ್ಟ. ಹೊರಬಂದ ಮೇಲೆ ಕೋಟಿನ ಮೇಲಿನ ಗುಂಡಿ ಬಿಚ್ಚಿ, “ತಲೆ ಸಿಡೀತಾ ಅದೆ ಮೇಡಂ” ಎಂದ. ಅವನನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಅವನು ತಾನಾಗಿಯೇ ನನಗೆ ಹೇಳಿದ ಮೊದಲ ದೂರು ಅದು.

ಪ್ರತಿ ಮೇಜಿನ ಮುಂದೆಯೂ ತಾವು ಯಾರೆಂಬುದನ್ನು ಸಾಬೀತುಪಡಿಸುತ್ತಲೇ ಬಂದವರಿಗೆ, ಮೇಜಿನಾಚೆ ಕುಳಿತವರೆಲ್ಲ ಪರೀಕ್ಷಕರಾಗಿಯೇ ಕಾಣುತ್ತಾರೆ. ನೋವನ್ನು ಒಪ್ಪಿಕೊಂಡರೆ ನಪಾಸಾಗುವ ಭಯ ಅವರಿಗೆ. ಅವರ ಸುಳ್ಳು ಹುಟ್ಟುವುದು ದಣಿವಿನಿಂದ. ಅದನ್ನು ಗುರುತಿಸಬೇಕಾದವರು ಕೇಳುವವರು. ಮೂವತ್ತೇಳು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕಾವಲು ನಿಂತವಳು ನಾನು. ಒಬ್ಬ ವಿದ್ಯಾರ್ಥಿಯೂ ಎದ್ದು ಬಂದು ತಲೆನೋವೆಂದು ಹೇಳಲಿಲ್ಲ. ಎಲ್ಲ ಸರಿ ಇದೆಯೆಂದೇ ನಾನು ತಿಳಿದಿದ್ದೆ.