ಉಪ್ಪುನೀರಿನ ಹದ

ಅಕ್ಕೋಳದ ದುರಗಪ್ಪ ಮೂವತ್ತು ವರ್ಷ ಗಾಣದಲ್ಲಿ ಕಬ್ಬಿನ ಹಾಲು ಕುದಿಸಿ ಬೆಲ್ಲ ಇಳಿಸಿದವನು. ಪಾಕ ಬಂತೆಂದು ಅವನು ಹೇಳಿದ ಮೇಲೆ ಬೇರೆ ಯಾರೂ ಕೊಪ್ಪರಿಗೆಯಲ್ಲಿ ಇಣುಕುತ್ತಿರಲಿಲ್ಲ. ಅಂಥವನ ಮನೆಯ ಪಡಸಾಲೆಯಲ್ಲಿ ಸೊಸೆ ಸಾರಿಕಾ ಗಾಜಿನ ತೊಟ್ಟಿ ಇಟ್ಟಳು. ಸಮುದ್ರದ ಉಪ್ಪು ಬೆರೆಸಿದ ನೀರು ತುಂಬಿ, ಒಂದೂವರೆ ತಿಂಗಳು ಒಂದು ಮೀನನ್ನೂ ಬಿಡದೆ ಕಾದಳು.

"ನಮ್ಮ ಸೊಸಿ ನೀರ ಸಾಕ್ಯಾಳ," ಎಂದು ದುರಗಪ್ಪ ಓಣಿಯನ್ನೆಲ್ಲ ನಗಿಸಿದ.

"ನಗ್ರಿ ಮಾಮಾ. ಮೀನಿನ ಹೊಲಸ ತಿನ್ನೋ ಸಣ್ಣ ಜೀವ ಮೊದ್ಲ ನೀರಾಗ ಹುಟ್ಟಬೇಕು. ಮೊಸರ ಹೆಪ್ಪಾಗೋಮಟ ಕಾಯಂಗಿಲ್ಲೇನು?"

ಕಡೆಗೆ ಕೊಲ್ಹಾಪುರದಿಂದ ಬಿಳಿ ಪಟ್ಟೆಯ ಎರಡು ಕೇಸರಿ ಮೀನು ಬಂದವು. ಅವು ಅವನ ಕೈ ನೋಡಿ ಮೇಲೇರಿ ಬರತೊಡಗಿದ ಮೇಲೆ ಅವನ ನಗೆ ನಿಂತಿತು.

ಏಪ್ರಿಲ್‌ನಲ್ಲಿ ಶಿಕ್ಷಕಿ ಸಾರಿಕಾಳಿಗೆ ಧಾರವಾಡದಲ್ಲಿ ಹತ್ತು ದಿನದ ತರಬೇತಿ ಬಂತು. ನೀರು ಗಾಜಿನ ಮೇಲಿನ ಗೆರೆಗಿಂತ ಇಳಿದರೆ ಬಿಳಿ ಕ್ಯಾನಿನ ಸಿಹಿನೀರು ಹಾಕಬೇಕೆಂದು ಮಾವನಿಗೆ ಹೇಳಿ ಹೋದಳು. ಸಮುದ್ರದ ಮೀನಿಗೆ ಸಿಹಿನೀರು ಯಾಕೆಂದುಕೊಂಡ ದುರಗಪ್ಪ ದಿನವೂ, ನೀರು ಬದಲಿಸಲೆಂದು ಅವಳು ಬೆರೆಸಿಟ್ಟಿದ್ದ ನೀಲಿ ಕ್ಯಾನಿನ ಉಪ್ಪುನೀರನ್ನೇ ಸುರಿದ. ಬಿಸಿಲಿಗೂ ಫ್ಯಾನಿನ ಗಾಳಿಗೂ ದಿನಕ್ಕೆ ಎರಡು ಲೀಟರ್ ಇಳಿಯುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಮೀನುಗಳು ಮೂಲೆ ಹಿಡಿದು ಏದುಸಿರು ಬಿಡುತ್ತಿದ್ದವು. ಹಾಕಿದ ಆಹಾರ ಮುಟ್ಟಲಿಲ್ಲ.

"ಸೊಸಿ ಬರೋದ್ರಾಗ ಹೆಣಾ ತೋರಸ್ತೀರೇನ್ರಿ?" ಎಂದಳು ಹೆಂಡತಿ ಸಕ್ಕುಬಾಯಿ.

ಫೋನ್ ಹಚ್ಚಿದರೆ ಸಾರಿಕಾಳದು ಬಂದ್ ಆಗಿತ್ತು. ದುರಗಪ್ಪ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಗಾಜಿನ ಅಂಚಿಗೆ ಬಿಳಿ ಪದರು ಹತ್ತಿತ್ತು. ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟ. ಬರೀ ಉಪ್ಪು. ಕಬ್ಬಿನ ಹಾಲು ಇಂಗಿದಂತೆ ಕೊಪ್ಪರಿಗೆಯ ಅಂಚಿಗೂ ಹೀಗೆಯೇ ಹತ್ತುತ್ತದೆ. ಆವಿಯಾಗುವುದು ನೀರು, ಸಿಹಿ ಕೊಪ್ಪರಿಗೆಯಲ್ಲೇ ಉಳಿಯುತ್ತದೆ. ಅವನು ತಟ್ಟನೆ ಎದ್ದ.

"ಲೇ ಸಕ್ಕು, ಎಂಟ ದಿನದಿಂದ ನಾ ಪಾಕ ಏರಿಸಾಕತ್ತೀನಿ. ಹಾರಿ ಹೋಗಿದ್ದು ಬರೇ ನೀರ. ಉಪ್ಪ ಅಲ್ಲೇ ಐತಿ, ಮ್ಯಾಲ ನಾ ಮತ್ತ ಉಪ್ಪ ಹಾಕೇನಿ."

ತೊಟ್ಟಿಯಿಂದ ಒಂದು ತಂಬಿಗೆ ಉಪ್ಪುನೀರು ತೆಗೆದ. ಒಂದು ತಂಬಿಗೆ ಸಿಹಿನೀರನ್ನು ಗಾಜಿನ ಗೋಡೆಗುಂಟ ಇಳಿಬಿಟ್ಟ. ತಾಸು ಬಿಟ್ಟು ಇನ್ನೊಂದು.

"ಒಮ್ಮೆಲೇ ಸುರದ ಮುಗಸ್ರಿ," ಎಂದಳು ಸಕ್ಕುಬಾಯಿ.

"ಹದ ತಿದ್ದೋದು ಅವಸರದ ಕೆಲಸ ಅಲ್ಲ."

ಮಧ್ಯಾಹ್ನ ಸಾರಿಕಾ ಫೋನ್ ಮಾಡಿದಾಗ ಅವನು ತನ್ನ ತಪ್ಪನ್ನೂ ತಂಬಿಗೆಯ ಲೆಕ್ಕವನ್ನೂ ಮುಚ್ಚಿಡದೆ ಹೇಳಿದ. 

"ಮಾಮಾ, ನಾ ಅಲ್ಲಿದ್ರೂ ಇದನ್ನ ಮಾಡತಿದ್ನಿ. ಹಂಗ ನಿಧಾನ ನಡಸ್ರಿ. ತೊಟ್ಟಿ ಬಾಜೂಕ ಉಪ್ಪ ಅಳೆಯೋ ಡಬ್ಬಿ ಐತಿ, ಅದರಾಗ ನೀರ ತುಂಬಿ ನೋಡ್ರಿ, ಮುಳ್ಳ ಹಸರ ಪಟ್ಟಿಗೆ ಬರೋಮಟ."

ಮರುದಿನ ಸಂಜೆ ಮುಳ್ಳು ಹಸಿರಿಗೆ ಬಂದು ನಿಂತಿತು. ದುರಗಪ್ಪ ಒಂದು ಚಿಟಿಕೆ ಆಹಾರ ಉದುರಿಸಿದ. ದೊಡ್ಡ ಮೀನು ಮೂಲೆ ಬಿಟ್ಟು ಬಂದು ಗಬಕ್ಕನೆ ಹಿಡಿಯಿತು. ಸಣ್ಣದು ಅದರ ಬಾಯಿಂದಲೇ ಕಸಿದುಕೊಂಡು ಓಡಿತು.

"ಜಗಳಾಡಾಕತ್ತಾವಲ್ರಿ," ಎಂದಳು ಸಕ್ಕುಬಾಯಿ, ನಗು ತಡೆಯದೆ.

"ಆಡ್ಲಿ ಬಿಡು," ಎಂದು ದುರಗಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಬೆಲ್ಲ ಇಳಿಸಿದ ಕೈ ಇದು. ಇವತ್ತ ಸಮುದ್ರದ ಹದಾನೂ ಹಿಡೀತು."