ಕೆರೆಯ ಮೇಲೆ ತೋಳಣ್ಣ, ಕಾಲಕ್ಕ

ನಮ್ಮ ಬೀದಿಯಲ್ಲಿ ಬೆಳಗಾಗುವುದೇ ಹಲ್ವೋರ್ಸನ್ ಅವರ ಮನೆಯ ಜಗಳದಿಂದ. ಗಂಡ ರಾಯ್ಸ್, ಹೆಂಡತಿ ಮಾರ್ಲಿಸ್. ಇಬ್ಬರಿಗೂ ಅರವತ್ತು ದಾಟಿದೆ. ಜಗಳ ದುಡ್ಡಿಗಲ್ಲ, ಮಕ್ಕಳ ವಿಷಯಕ್ಕೂ ಅಲ್ಲ. ವ್ಯಾಯಾಮಕ್ಕೆ.

ರಾಯ್ಸ್ ಭಾರ ಎತ್ತುವವನು. ಗ್ಯಾರೇಜಿನಲ್ಲಿ ಸೌದೆ ಒಲೆಯ ಪಕ್ಕ ಅವನದೊಂದು ಬೆಂಚು, ಗೋಡೆಗೆ ಒರಗಿಸಿದ ಕಬ್ಬಿಣದ ತಟ್ಟೆಗಳು. ಒಂದು ಸಲ ಎತ್ತುತ್ತಾನೆ, ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾನೆ, ರೇಡಿಯೊದಲ್ಲಿ ಐಸ್ ಹಾಕಿ ಪಂದ್ಯದ ಹರಟೆ ಕೇಳುತ್ತಾನೆ, ಮತ್ತೆ ಎತ್ತುತ್ತಾನೆ. ತೋಳು ನೋಡಿದರೆ ಮರದ ದಿಮ್ಮಿ. ಆದರೆ ರಸ್ತೆಯ ಕೊನೆಯ ಅಂಚೆ ಪೆಟ್ಟಿಗೆಗೂ ಟ್ರಕ್ಕಿನಲ್ಲೇ ಹೋಗುತ್ತಾನೆ. ನಡೆದರೆ ತೋಳು ಕರಗಿಹೋಗುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದಾರಂತೆ.

ಮಾರ್ಲಿಸ್ ನಡೆಯುವವಳು. ಅಮೆರಿಕದ ಈ ಉತ್ತರ ಮಿನ್ನೆಸೋಟದ ಚಳಿಯಲ್ಲಿ ರಸ್ತೆಯ ಮೇಲೆ ನಡೆದರೆ ಮೂಗು ಮರಗಟ್ಟುತ್ತದೆ. ಅದಕ್ಕೇ ಅಂಗಡಿಗಳು ತೆರೆಯುವ ಮುಂಚೆ ಮಾಲ್‌ನವರು ದೊಡ್ಡ ಬಾಗಿಲು ತೆಗೆದುಕೊಡುತ್ತಾರೆ, ಊರಿನ ಹೆಂಗಸರೆಲ್ಲ ಒಳಗೇ ಸುತ್ತು ಹಾಕುತ್ತಾರೆ. ಮಾರ್ಲಿಸ್ ಎಲ್ಲರಿಗಿಂತ ಮುಂದೆ. ಆದರೆ ಕಾರಿನಿಂದ ದಿನಸಿ ಚೀಲ ಇಳಿಸಲು ಗಂಡನನ್ನು ಕೂಗುತ್ತಾಳೆ. ಮೂಳೆ ತೆಳುವಾಗಿದೆ, ಸ್ವಲ್ಪ ಭಾರ ಎತ್ತುವ ಅಭ್ಯಾಸ ಮಾಡಿ ಎಂದು ವೈದ್ಯೆ ಹೇಳಿದ್ದಾರೆ. ಭಾರ ಎತ್ತಿದ ಹೆಂಗಸು ಬಂದರಿನ ಕೂಲಿಯ ಹಾಗೆ ಕಾಣುತ್ತಾಳೆ ಎಂದು ಇವಳು ಮೂಗು ಮುರಿದಳು.

ನನ್ನ ಅಜ್ಜಿ ಚಿಕ್ಕಂದಿನಲ್ಲಿ ನನಗೊಂದು ಕಥೆ ಹೇಳುತ್ತಿದ್ದಳು. ಬೆಟ್ಟದ ಗುಹೆಯಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣನಿಗೆ ಮೈಯೆಲ್ಲ ತೋಳು, ತಂಗಿಗೆ ಮೈಯೆಲ್ಲ ಕಾಲು. ತೋಳಣ್ಣ, ಕಾಲಕ್ಕ ಎಂದೇ ಅವರ ಹೆಸರು. ಯಾರು ಹೆಚ್ಚು ಎಂದು ಇಬ್ಬರಿಗೂ ದಿನವಿಡೀ ಜಗಳ. ಹೊರಗೆ ಚಳಿರಾಯ ಗಡ್ಡ ನೀವುತ್ತಾ ಕಾದು ಕುಳಿತಿದ್ದ. ಒಂದು ದಿನ ಗುಹೆಯ ಬಾಯಿಗೆ ಮುಚ್ಚಿದ್ದ ಬಂಡೆ ಉರುಳಿತು. ಕಾಲಕ್ಕ ಓಡಿ ಮುಟ್ಟಿದಳು, ಎತ್ತಲಾಗಲಿಲ್ಲ. ತೋಳಣ್ಣ ಎತ್ತಬಲ್ಲ, ಅಲ್ಲಿಯವರೆಗೆ ಹೋಗಲಾಗಲಿಲ್ಲ. ಚಳಿರಾಯ ನಗುತ್ತಾ ಒಳಗೆ ಬಂದ. ಹಲ್ವೋರ್ಸನ್ ಮನೆಯ ಕಿಟಕಿ ಕಂಡಾಗಲೆಲ್ಲ ನನಗೆ ಆ ಗುಹೆಯೇ ಕಾಣುತ್ತಿತ್ತು. ನಗು ಬರುತ್ತಿತ್ತು. ಕಳೆದ ಚಳಿಗಾಲದ ನಂತರ ನಗು ಹೋಗಿ ಬರೀ ಸಿಟ್ಟು ಉಳಿದಿದೆ.

ನಮ್ಮಲ್ಲಿ ಕೆರೆ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆ ಗುಡಿಸಲು ಇಟ್ಟು, ಮಂಜುಗಡ್ಡೆ ಕೊರೆದು ಮೀನು ಹಿಡಿಯುವುದು ರೂಢಿ. ಗುಡಿಸಲಿನ ಬಾಗಿಲವರೆಗೂ ಟ್ರಕ್ಕಿನಲ್ಲೇ ಹೋಗುವುದೂ ರೂಢಿಯೇ. ಆದರೆ ಕಳೆದ ವರ್ಷ ಗಡ್ಡೆ ದಪ್ಪವಾಗುವ ಮೊದಲೇ ಹಿಮ ಸುರಿದು ಕೆರೆಗೆ ಕಂಬಳಿ ಹೊದಿಸಿತು. ಮೇಲಿನ ಚಳಿ ತಾಗದೆ ಗಡ್ಡೆ ಬೆಳೆಯಲಿಲ್ಲ. ನಡೆದು ಹೋಗಬಹುದು, ಟ್ರಕ್ಕು ಇಳಿಸುವಂತಿಲ್ಲ ಎಂದು ದಡದಲ್ಲಿ ಫಲಕ ಬಿತ್ತು. ಊರಿನ ಹುಡುಗರು ಹಗುರವಾದ ಒಂದೆರಡು ಗುಡಿಸಲುಗಳನ್ನು ಕೈಯಲ್ಲೇ ಎಳೆದು ಕೆರೆಯ ಮೇಲಿಟ್ಟರು. ರಾಯ್ಸ್‌ನದೂ ಅದರಲ್ಲಿ ಒಂದು.

ಮಾರ್ಲಿಸ್ ಜೊತೆ ಮೀನಿಗೆ ಹೊರಟ ದಿನ ಅವನು ಜಾರುಬಂಡಿಗೆ ಕೊರೆಯುವ ಯಂತ್ರ, ಗ್ಯಾಸ್ ಸಿಲಿಂಡರು, ಒಲೆ, ಊಟದ ಡಬ್ಬಿ ಎಲ್ಲ ಕಟ್ಟಿದ. ಪಕ್ಕದ ಮನೆಯ ಜೊಲೀನ್ ಬೇಲಿಯಿಂದಲೇ ಕೂಗಿ, ಅರ್ಧ ಸಾಮಾನು ಇಳಿಸು, ಇಬ್ಬರೂ ಸೇರಿ ನಿಧಾನ ಎಳೆಯಿರಿ ಎಂದಳು. ಜೊಲೀನ್ ಹೃದ್ರೋಗಿಗಳಿಗೆ ವ್ಯಾಯಾಮ ಕಲಿಸುವ ನರ್ಸು, ಮಾರ್ಲಿಸ್ ಜೊತೆ ಓದಿದವಳು, ಈ ಮನೆಯ ಜಗಳ ಕೇಳಿ ಕೇಳಿ ಬೇಸತ್ತವಳು. ರಾಯ್ಸ್ ಹಗ್ಗವನ್ನು ಎದೆಗೆ ಹಾಕಿಕೊಂಡು ನಕ್ಕ.

"ನೀನು ಹಿಂದೆ ಬಾರೆ ಮಾರ್ಲಿಸ್, ಮಾಲ್‌ನಲ್ಲಿ ಗಾಣದೆತ್ತಿನ ಥರ ಸುತ್ತೋಳಿಗೆ ಇದೆಲ್ಲ ಆಗಲ್ಲ."

"ಹೋಗಪ್ಪ ಹೋಗು, ಕಬ್ಬಿಣದ ಕುಮಾರ. ನಿನ್ನ ಜಂಭ ಎಲ್ಲೀವರೆಗೆ ಅಂತ ನಾನೂ ನೋಡ್ತೀನಿ."

ಅದು ಕೆರೆಯ ಅರ್ಧದವರೆಗೂ ಹೋಗಲಿಲ್ಲ. ಮೇಲಿನ ಹಿಮದ ಪದರ ಹೆಜ್ಜೆ ಹೆಜ್ಜೆಗೂ ಒಡೆದು ಮೊಣಕಾಲಿನವರೆಗೂ ಕಾಲು ಹೂತುಹೋಗುತ್ತಿತ್ತು. ಮೊದಲು ರಾಯ್ಸ್‌ನ ಮಾತು ನಿಂತಿತು, ಆಮೇಲೆ ಕಾಲು. ಆ ಚಳಿಯಲ್ಲಿ ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಮುಖ ಬೂದಿಯ ಬಣ್ಣ. ಎದೆಯ ಮೇಲೆ ಯಾರೋ ಕೂತ ಹಾಗಿದೆ ಎಂದು ಹಿಮದಲ್ಲೇ ಕುಸಿದ.

ಮಾರ್ಲಿಸ್ ತುರ್ತು ಸಂಖ್ಯೆಗೆ ಕರೆ ಮಾಡಿದಳು. ಆಂಬುಲೆನ್ಸ್ ದಡದವರೆಗೆ ಬರುತ್ತದೆ, ಅಲ್ಲಿಂದ ಮುಂದೆ ಹಗ್ಗ, ಹಲಗೆ ಸಮೇತ ಜನ ನಡೆದೇ ಬರಬೇಕು, ಅವನನ್ನು ನಡೆಸಬೇಡಿ ಎಂದರು. ಗಾಳಿ ಚಾಟಿಯಂತೆ ಬೀಸುತ್ತಿತ್ತು. ಅವನನ್ನು ಜಾರುಬಂಡಿಯ ಮೇಲೆ ಮಲಗಿಸಿದರೆ ತಾನೇ ಎಳೆದೊಯ್ಯಬಹುದು ಎಂದುಕೊಂಡು ಅವಳು ಸಾಮಾನು ಇಳಿಸಲು ಹೋದಳು. ಸಿಲಿಂಡರು ಮಿಸುಕಲಿಲ್ಲ. ಎರಡೂ ಕೈ ಹಾಕಿ ಜಗ್ಗಿದಳು, ಜಾರಿ ಬಿದ್ದಳು, ಮಣಿಕಟ್ಟಿನಲ್ಲಿ ಲಟಕ್ ಎಂದಿತು. ಅವಳಿಗೆ ಉಸಿರು ಬೇಕಾದಷ್ಟಿತ್ತು. ಕೈಯಲ್ಲಿ ಏನೂ ಇರಲಿಲ್ಲ. ಹೆಪ್ಪುಗಟ್ಟಿದ ಕೆರೆಯ ನಡುವೆ ನಿಂತು ಗಂಡನನ್ನು ಬಾಯಿಗೆ ಬಂದಂತೆ ಬೈದಳು, ಬೈಯುತ್ತಲೇ ತನ್ನ ಕೋಟನ್ನು ಅವನಿಗೆ ಹೊದಿಸಿದಳು. ಆಮೇಲೆ ದಡಕ್ಕೆ ಓಡಿದಳು.

ಅವನು ಕುಸಿದದ್ದನ್ನು ದಡದಿಂದ ಕಂಡ ಜೊಲೀನ್ ಆಗಲೇ ಎದುರಿಗೆ ಬರುತ್ತಿದ್ದಳು. ಹೋದವಳೇ ಸಿಲಿಂಡರನ್ನು ಎತ್ತಿ ಪಕ್ಕಕ್ಕಿಟ್ಟಳು, ಯಂತ್ರ ಇಳಿಸಿದಳು, ರಾಯ್ಸ್‌ನ ಕಂಕುಳಿಗೆ ಕೈ ಹಾಕಿ ಬಂಡಿಯ ಮೇಲೆ ಮಲಗಿಸಿದಳು. ಹಗ್ಗ ಹಿಡಿದು ನಡೆದಳು. ಮಾರ್ಲಿಸ್ ಒಂದೇ ಕೈಯಲ್ಲಿ ಹಿಂದಿನಿಂದ ತಳ್ಳಿದಳು. ಜೊಲೀನ್ ದೈತ್ಯೆಯೇನಲ್ಲ, ಅವರಿಬ್ಬರದೇ ವಯಸ್ಸು. ಎತ್ತುವುದನ್ನೂ ನಡೆಯುವುದನ್ನೂ ಎರಡನ್ನೂ ಬಿಡದೆ ಮಾಡಿಕೊಂಡು ಬಂದವಳು, ಅಷ್ಟೆ.

ದಡದಲ್ಲಿ ಆಂಬುಲೆನ್ಸ್ ಬಂದು ನಿಂತಿತ್ತು. ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳದ ಅಡ್ಡಿ ತೆಗೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಮಾತೇ ಬೇರೆ ಎಂದರು. ಪ್ರಜ್ಞೆ ತಿಳಿಯಾಗುತ್ತಿದ್ದಂತೆ ರಾಯ್ಸ್ ಮೊದಲು ಕೇಳಿದ್ದು, ಸಿಲಿಂಡರು ಎತ್ತೋಕೂ ಆಗಲಿಲ್ವೇನೆ ಎಂದು. ಪ್ಲಾಸ್ಟರು ಹಾಕಿದ ಕೈಯನ್ನು ಅವನ ಮುಖಕ್ಕೆ ಹಿಡಿದು ಮಾರ್ಲಿಸ್, ನಾಲ್ಕು ಹೆಜ್ಜೆ ನಡೆಯೋಕೆ ಆಗದೋನು ನನ್ನ ಕೇಳಬೇಡ ಎಂದಳು.

ಜೊಲೀನ್ ಬಾಗಿಲು ಮುಚ್ಚಿದಳು. ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು.

"ಬಾಯಿ ಮುಚ್ಚಿ ಇಬ್ರೂ. ನಿಮ್ಮ ಹೆಣ ಎಳೆಯೋಕೆ ನಾನು ಕೆರೆಗೆ ಬರಲಿಲ್ಲ. ರಾಯ್ಸ್, ನಿನ್ನ ತೋಳಿಗೆ ಕಬ್ಬಿಣ ತಿನ್ನಿಸಿದೆ, ಎದೆಯೊಳಗಿನ ಸ್ನಾಯುವಿಗೆ ಏನು ಕೊಟ್ಟೆ? ಕುರ್ಚಿ, ಕಾಫಿ. ಮಾರ್ಲಿಸ್, ನಿನ್ನ ಎದೆ ಗಟ್ಟಿ ಇದೆ, ಮೂಳೆ ಹಪ್ಪಳ ಆಗಿದೆ. ಒಂದು ದೇಹಾನ ಇಬ್ರೂ ಅರ್ಧರ್ಧ ಹಂಚಿಕೊಂಡಿದೀರಿ. ನಾಚಿಕೆ ಆಗಲ್ವಾ?"

ನಡೆದರೆ ತೋಳು ಕರಗುತ್ತಲ್ಲ ಎಂದು ರಾಯ್ಸ್ ಗೊಣಗಿದ.

"ದಿನಾ ಚುರುಕಾಗಿ ನಡೆದ್ರೆ ಯಾರ ತೋಳೂ ಕರಗಲ್ಲ ಮಾರಾಯ. ನೀನು ಸತ್ರೆ ಮಾತ್ರ ಕರಗುತ್ತೆ."

ಅವನು ಗೋಡೆ ಕಡೆ ತಿರುಗಿ ಮಲಗಿದ. ಮುಂದಿನ ಚಳಿಗಾಲಕ್ಕೆ ಕೆರೆಗೆ ಹೋಗಬಹುದೇ ಎಂದು ಗೋಡೆ ನೋಡುತ್ತಲೇ ಕೇಳಿದ. ಅಪ್ಪನ ಕಾಲದಿಂದ ಒಂದು ವರ್ಷವೂ ತಪ್ಪಿಸಿದವನಲ್ಲ. ಜೊಲೀನ್ ಸ್ವಲ್ಪ ಮೆತ್ತಗಾದಳು. ವೈದ್ಯರು ಸರಿ ಎನ್ನಬೇಕು, ಆಮೇಲೆ ಕೆರೆಯ ಸುತ್ತಿನ ದಾರಿಯನ್ನು ಮಾತಾಡುತ್ತಾ ನಡೆದು ಮುಗಿಸಬೇಕು, ಮಾರ್ಲಿಸ್ ಆ ಸಿಲಿಂಡರನ್ನು ತಾನೇ ಎತ್ತಬೇಕು, ಅಲ್ಲಿಯವರೆಗೆ ಇಬ್ಬರೂ ದಡದಲ್ಲೇ ಇರಬೇಕು ಎಂದಳು.

ವೈದ್ಯರು ಒಪ್ಪಿದ ಮೇಲೆ, ಮೊದಲು ಆಸ್ಪತ್ರೆಯಲ್ಲಿ ಜೊಲೀನ್ ಕಣ್ಣೆದುರೇ ನಡಿಗೆ ಶುರುವಾಯಿತು. ಆಮೇಲೆ ರಾಯ್ಸ್ ಮಾಲ್‌ಗೆ ಬಂದ. ಗುಲಾಬಿ ಬೂಟಿನ ಅಜ್ಜಿಯರು ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು, ದಾಟುವಾಗ ಬೆನ್ನು ತಟ್ಟಿಯೂ ಹೋದರು. ಅವನ ಕಿವಿ ಕೆಂಪಾಯಿತು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ ಎಂದು ಜೊಲೀನ್ ಕಲಿಸಿದಳು. ಕೈ ಕೂಡಿದ ಮೇಲೆ ಮಾರ್ಲಿಸ್ ಗ್ಯಾರೇಜಿಗೆ ಇಳಿದಳು. ಮೊದಲು ಕುರ್ಚಿಯಿಂದ ಕೈ ಊರದೆ ಏಳುವುದು, ಆಮೇಲೆ ನೀರು ತುಂಬಿದ ಡಬ್ಬಿ, ಆಮೇಲೆ ಸಣ್ಣ ತಟ್ಟೆ. ಎತ್ತುವಾಗ ಉಸಿರು ಬಿಗಿಹಿಡಿಯಬೇಡ, ಬಿಡು ಬಿಡು ಎಂದು ಕಿರುಚುವ ಕೆಲಸ ರಾಯ್ಸ್‌ನದು. ಅವನೂ ಹಳೆಯ ದೊಡ್ಡ ಭಾರ ಬಿಟ್ಟು ಜೊಲೀನ್ ಹೇಳಿದಷ್ಟನ್ನೇ ಎತ್ತುತ್ತಿದ್ದ. ವಾರದಲ್ಲಿ ಎರಡು ದಿನ ಭಾರ, ಹೆಚ್ಚುಕಡಿಮೆ ದಿನವೂ ನಡಿಗೆ. ಎರಡೂ ಒಂದೇ ದಿನ ಬಿದ್ದರೆ ಸ್ವಲ್ಪ ನಡೆದು ಮೈ ಬಿಸಿ ಮಾಡಿಕೊಂಡು ಭಾರ, ಉಳಿದ ನಡಿಗೆ ಆಮೇಲೆ. ಮಾರ್ಲಿಸ್ ಬಂದರಿನ ಕೂಲಿಯ ಹಾಗೇನೂ ಆಗಲಿಲ್ಲ. ದಿನಸಿ ಚೀಲ ತಾನೇ ಇಳಿಸುತ್ತಾಳೆ, ಅಷ್ಟೆ.

ಈ ಚಳಿಗಾಲದಲ್ಲೂ ದಡದಲ್ಲಿ ಅದೇ ಫಲಕ. ಗಡ್ಡೆ ಕೊರೆದು ದಪ್ಪ ನೋಡಿಕೊಂಡು, ಅರ್ಧ ಸಾಮಾನು ಮನೆಯಲ್ಲೇ ಬಿಟ್ಟು, ಇಬ್ಬರೂ ಕೆರೆಗೆ ಇಳಿದರು. ಸಿಲಿಂಡರನ್ನು ಬಂಡಿಗೆ ಎತ್ತಿಟ್ಟಿದ್ದು ಮಾರ್ಲಿಸ್. ಹಗ್ಗ ಇಬ್ಬರ ಹೆಗಲಿಗೂ ಇತ್ತು. ನಾನು ಜೊಲೀನ್ ಜೊತೆ ದಡದಲ್ಲಿ ನಿಂತಿದ್ದೆ. ಗಾಳಿಯ ಮೇಲೆ ಅವರ ದನಿ ಕೇಳಿಸುತ್ತಿತ್ತು. ಎಡಕ್ಕೆ ಎಳಿಯೋ ಅಂದ್ರೆ ಬಲಕ್ಕೆ ಎಳೀತೀಯಲ್ಲ ಎಂದು ಇವಳು. ನಿನ್ನ ಮಾಲ್ ಅಲ್ಲ ಕಣೇ ಇದು, ಸುತ್ತು ಹಾಕೋಕೆ ಎಂದು ಅವನು. ಕೆರೆಯ ಅರ್ಧ ದಾಟಿದರೂ ಜಗಳ ನಿಲ್ಲಲಿಲ್ಲ. ಕಳೆದ ವರ್ಷ ಅವನ ಮಾತು ನಿಂತ ಜಾಗವೂ ಹಿಂದೆ ಉಳಿಯಿತು. ಗುಡಿಸಲಿನ ಬಾಗಿಲು ದಡಾರನೆ ಮುಚ್ಚಿಕೊಂಡಿತು. ಒಳಗಿನಿಂದಲೂ ಜಗಳ.

"ಉಸಿರಿದೆ," ಎಂದಳು ಜೊಲೀನ್. ಕಣ್ಣೊರೆಸಿಕೊಂಡು ಮನೆಗೆ ನಡೆದಳು.

ಓದುತ್ತಿರುವವರೇ, ನಿಮ್ಮ ಮೇಲೂ ನನಗೆ ಸಿಟ್ಟಿದೆ. ನಿಮ್ಮ ಮನೆಯಲ್ಲೂ ಒಬ್ಬ ತೋಳಣ್ಣನೋ ಕಾಲಕ್ಕನೋ ಇದ್ದಾರೆ, ಇಲ್ಲವೇ ಕುರ್ಚಿ ಬಿಟ್ಟು ಏಳದ ಮೂರನೆಯವರಿದ್ದಾರೆ. ಅದು ನೀವೇ ಇರಬಹುದು. ಚಳಿರಾಯ ನಿಮ್ಮ ವಾದ ಮುಗಿಯಲಿ ಎಂದು ಕಾಯುವುದಿಲ್ಲ. ಹೃದಯದ ತೊಂದರೆ, ಬಿಪಿ, ಮೂಳೆ ಸವೆತ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಎದೆ ಬಿಗಿದರೆ, ತಣ್ಣನೆ ಬೆವರಿದರೆ ಅಲ್ಲೇ ನಿಲ್ಲಿ, ಜಂಭ ಬಿಟ್ಟು ತುರ್ತು ಸಹಾಯಕ್ಕೆ ಕರೆ ಮಾಡಿ. ನಡೆಯುವವರು ನೀರಿನ ಡಬ್ಬಿ ಎತ್ತಿ. ಎತ್ತುವವರು ಬೂಟು ಹಾಕಿಕೊಂಡು ಹೊರಗೆ ಬನ್ನಿ. ಜಗಳ ಬೇಕಿದ್ದರೆ ದಾರಿಯುದ್ದಕ್ಕೂ ಆಡಿ, ಅದಕ್ಕೂ ಉಸಿರು ಬೇಕು. ಈಗ ಈ ಹಾಳೆ ಕೆಳಗಿಟ್ಟು ಏಳಿ.